ಬೀಚಿನೊಳಗೆ ಸಿಕ್ಕಿಕೊಂಡ ಮನೆ

ಗುಂಡ್ಲುಪೇಟೆಗೆ ಕಡಲು ತಂದವನು ಸೋಮೇಶ. ಟಿಪ್ಪರುಗಳಲ್ಲಿ ತಂದ. ಮೊದಲು ನಮ್ಮ ಕೆರೆ ದಂಡೆಯ ಜಾಲಿಗಿಡಗಳನ್ನೆಲ್ಲ ಜೆಸಿಬಿಯಿಂದ ಕೀಳಿಸಿದ. ಕಪ್ಪು ಮಣ್ಣಿನ ಮೇಲೆ ಮೊಣಕಾಲುದ್ದ ಮರಳು ಸುರಿಸಿದ. ಮರಳಿನ ಮೇಲೆ ಬಣ್ಣದ ಛತ್ರಿ ನೆಟ್ಟು, ಛತ್ರಿಯ ಕೆಳಗೆ ಒರಗುಕುರ್ಚಿ ಹಾಕಿಸಿದ. ಎಲ್ಲಿಂದಲೋ ಎರಡು ತೆಂಗಿನಮರಗಳನ್ನು ಬೇರುಸಮೇತ ತರಿಸಿ ನಿಲ್ಲಿಸಿದ. ಒಂದು ಒಣಗಿಹೋಯಿತು. ಅದಕ್ಕೆ ಹಸಿರು ಬಣ್ಣ ಹೊಡೆಸಿದ. ಹಿಂದುಗಡೆಯ ಗೋಪಾಲಸ್ವಾಮಿ ಬೆಟ್ಟವೊಂದನ್ನು ಮಾತ್ರ ಅವನು ತರಬೇಕಾಗಲಿಲ್ಲ, ಅದು ಮೊದಲೇ ಇತ್ತು. ಕೊನೆಗೆ ಹೆದ್ದಾರಿಯಲ್ಲಿ ಬೋರ್ಡು ಎದ್ದಿತು: ಬೆಟ್ಟದ ಬುಡದಲ್ಲಿ ಬೀಚ್, ರೂಮು, ಬೆಳಗಿನ ತಿಂಡಿ, ಕಯಾಕ್, ಟ್ರೆಕ್ಕಿಂಗ್. ಕೇರಳದ ಕಡೆಗೆ, ನಿಜವಾದ ಕಡಲಿಗೇ ಹೊರಟಿದ್ದ ಜನ ಆ ಬೋರ್ಡು ನೋಡಿ ಕಾರು ತಿರುಗಿಸಿಕೊಂಡು ನಮ್ಮ ಕೆರೆಗೆ ಬರತೊಡಗಿದರು. ಎಮ್ಮೆ ಮೈ ತೊಳೆಯುತ್ತಿದ್ದ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಫೋಟೋ ತೆಗೆಸಿಕೊಂಡರು.

ಪಕ್ಕದ ಮದ್ದೂರು ಕಾಡಿನಿಂದ ಆನೆಗಳು ಬರುತ್ತವೆಂದು ಸೋಮೇಶ ಸುತ್ತ ಸೋಲಾರ್ ತಂತಿ ಎಳೆಸಿದ. ಆನೆ ಬರುವುದು ಸುಳ್ಳಲ್ಲ. ತಂತಿ ಎಳೆಯುವವರು ಕೆರೆಯ ಏರಿಯಿಂದ ಶುರುಮಾಡಿ, ದೊಡ್ಡದಾಗಿ ಸುತ್ತು ಹಾಕಿ, ಮತ್ತೆ ಏರಿಗೇ ಬಂದು ಗಂಟು ಹಾಕಿದರು. ಆನೆಗಳು ಹೊರಗುಳಿದವು. ನಮ್ಮ ಮನೆ ಒಳಗುಳಿಯಿತು.

ದಂಡೆಯ ಮೂಲೆಯಲ್ಲಿ ನಮ್ಮದೊಂದು ಹೆಂಚಿನ ಮನೆ. ಮನೆ, ಮುಂದಿನ ಅಂಗಳ, ಹಿಂದಿನ ಹುಣಸೆಮರ, ಇಷ್ಟೇ ನಮ್ಮದು. ಅಲ್ಲಿಂದ ರಸ್ತೆಗೆ ಹೋಗುವ ದಾರಿ ಸೋಮೇಶನ ಅಪ್ಪ ಗುರುಪಾದಸ್ವಾಮಿಯವರ ಜೋಳದ ಹೊಲದ ನಡುವೆ ಹಾಯುತ್ತಿತ್ತು. ನನ್ನ ತಾತನ ಕಾಲದಲ್ಲಿ ಅವರ ಮನೆಯವರು ಓಡಾಡಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಕೊಟ್ಟ ದಾರಿ. ಈಗ ಆ ಹೊಲ ಪಾರ್ಕಿಂಗ್ ಆಗಿದೆ. ದಾರಿಯ ಬಾಯಿಗೆ ಕಬ್ಬಿಣದ ಗೇಟು, ಗೇಟಿಗೆ ನೀಲಿ ಅಂಗಿಯ ಸೆಕ್ಯೂರಿಟಿ. ತಂತಿ ಹಾಕಿದ ಹೊಸದರಲ್ಲಿ ನಮ್ಮಪ್ಪ ಗುರುಮಲ್ಲಯ್ಯ ದೊಡ್ಡವರ ಮನೆಗೆ ಹೋಗಿ, ಬುದ್ದಿ, ದಾರಿ ಹಿಂಗಾಯ್ತಲ್ಲ ಎಂದು ಕೇಳಿಕೊಂಡು ಬಂದ. ಗುರುಪಾದಸ್ವಾಮಿಯವರು ಹಣೆಯ ವಿಭೂತಿ ಒರೆಸಿಕೊಳ್ಳುತ್ತ, ಕೊಟ್ಟದ್ದು ನಿಜ ಕಣಪ್ಪ, ಈಗೆಲ್ಲ ನೋಡಿಕೊಳ್ಳುವವನು ಮಗ, ಅವನನ್ನೇ ಕೇಳು ಅಂದರಂತೆ. ಕೊಟ್ಟದ್ದು ನಿಜ ಎಂದು ಅವರ ಬಾಯಲ್ಲೇ ಬಂತಲ್ಲ ಎಂದು ಅಪ್ಪ ಒಂದು ವಾರ ಖುಷಿಯಾಗಿದ್ದ. ನನಗೆ ಆ ಖುಷಿ ನೋಡಿಯೇ ಮೈ ಉರಿಯುತ್ತಿತ್ತು.

ಸೋಮೇಶ ಒಳ್ಳೆಯವನು ಎಂದು ಊರೆಲ್ಲ ಹೇಳುತ್ತದೆ. ನಮ್ಮ ಮನೆಯವರಿಗೆಲ್ಲ ಕೆಲಸ ಕೊಟ್ಟಿದ್ದಾನೆ. ನಮ್ಮವ್ವ ಸಣ್ಣಮ್ಮ ಅಡುಗೆಗೆ. ಅವರ ಮನೆಯ ಒಲೆ ಬೇರೆ, ಅತಿಥಿಗಳ ಒಲೆ ಬೇರೆ. ಅವ್ವ ಮುಟ್ಟುವುದು ಅತಿಥಿಗಳ ಒಲೆಯನ್ನು ಮಾತ್ರ. ತಂಗಿ ಪವಿತ್ರ ರೂಮು ಗುಡಿಸಿ, ಟವೆಲನ್ನು ಹಂಸದ ಹಾಗೆ ಮಡಿಚಿ ಹಾಸಿಗೆಯ ಮೇಲೆ ಕೂರಿಸುತ್ತಾಳೆ. ಅಪ್ಪನ ಕೈಗೆ ಒಂದು ಬಲೆ ಕೊಟ್ಟು ನೀರಿನ ಹತ್ತಿರ ಕೂರಿಸಿದ್ದಾರೆ. ಅಪ್ಪ ಹುಟ್ಟಿದ ಮೇಲೆ ಬಲೆ ಮುಟ್ಟಿದವನಲ್ಲ. ಜನ ಬಂದು ಮೀನುಗಾರರ ಜೊತೆ ಎಂದು ಫೋಟೋ ತೆಗೆದುಕೊಳ್ಳುತ್ತಾರೆ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಕೆಂಪು ಚಡ್ಡಿ ಕೊಟ್ಟು, ಕೊರಳಿಗೊಂದು ವಿಸಲ್ ಹಾಕಿ, ಲೈಫ್ ಗಾರ್ಡ್ ಎಂದು ಹೆಸರಿಟ್ಟರು. ದಂಡೆಯಲ್ಲಿ ನೀರು ಸೊಂಟಕ್ಕೂ ಬರುವುದಿಲ್ಲ.

ಕೆಲಸದ ಮಾತು ಬಿಡಿ, ಬೇರೆ ಕಡೆಯೂ ಹೀಗೇ ಇರುತ್ತದೆ. ಗೇಟು ಮಾತ್ರ ನನ್ನ ಎದೆಯ ಮೇಲೆ ಕೂತಿತ್ತು. ನಾವು ಹೊರಗೆ ಹೋಗಬೇಕಾದರೆ ಸೆಕ್ಯೂರಿಟಿಗೆ ಹೇಳಬೇಕು. ಒಳಗೆ ಬರುವವರನ್ನು ಅವನು ನಿಲ್ಲಿಸಿ ಮೂರು ಮಾತು ಕೇಳಲೇಬೇಕು: ಯಾರು, ಎಲ್ಲಿಗೆ, ಯಾರನ್ನು ನೋಡಬೇಕು. ಉಮ್ಮತ್ತೂರಿನಿಂದ ನಮ್ಮತ್ತೆ ಒಂದು ಕುಂಬಳಕಾಯಿ ಹೊತ್ತುಕೊಂಡು ಬಂದಿದ್ದಳು. ಬುಕಿಂಗ್ ಇದೆಯಾ ಎಂದು ಕೇಳಿದನಂತೆ. ಕುಂಬಳಕಾಯಿಯನ್ನು ಅವನ ಕುರ್ಚಿಯ ಮೇಲೆ ಇಟ್ಟು ಹಿಂದಕ್ಕೆ ಹೋದವಳು ಮತ್ತೆ ಬಂದಿಲ್ಲ.

ಪವಿತ್ರಳ ಮದುವೆ ನಿಂತದ್ದೂ ಅಲ್ಲೇ. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಆ ಕೆಲಸ ಕೆಟ್ಟಿತು ಎಂದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಹೆಣ್ಣು ನೋಡಲು ಹೊರಟವರನ್ನು ಕೇಳಿದರೆ ಮುಗಿದೇ ಹೋಯಿತು. ಸೆಕ್ಯೂರಿಟಿಗೆ ಸೋಮೇಶ ಕೊಟ್ಟ ಕೆಲಸವೇ ಎಲ್ಲಿಗೆ ಎಂದು ಕೇಳುವುದು. ಒಂದು ಸಲ ತೆರಕಣಾಂಬಿಯಿಂದ ಬಂದವರು ಗೇಟಿನಿಂದಲೇ ಆಟೋ ತಿರುಗಿಸಿಕೊಂಡು ಹೋದರು. ಇನ್ನೊಂದು ಸಲ ಬಂದವರಲ್ಲಿ ಹಿರಿಯನೊಬ್ಬ ನೆಲಕ್ಕೆ ಉಗಿದು, ಕೂತುಕೊಂಡು ನೀರು ಕುಡಿದು, ತಿರುಗಿ ನಡೆದ. ನಾವು ಅಂಗಳದಲ್ಲಿ ಚಾಪೆ ಹಾಸಿಕೊಂಡು ಕಾಯುತ್ತಿದ್ದೆವು. ಅವರು ತಿರುಗಿದ್ದು ನಮಗೆ ಕಾಣುತ್ತಿತ್ತು. ಓಡಿಹೋಗಿ ಕರೆಯುವ ಹಾಗಿಲ್ಲ, ಕರೆದರೆ ಇನ್ನೂ ಕೆಟ್ಟದ್ದು. ಅವತ್ತು ಪವಿತ್ರ ಸೀರೆ ಬಿಚ್ಚಿ ಯೂನಿಫಾರ್ಮ್ ಹಾಕಿಕೊಂಡು ಟವೆಲ್ ಮಡಿಚಲು ಹೋದಳು. ಇಲ್ಲಿಂದ ಹೊರಬೀಳಲು ಅವಳಿಗಿದ್ದದ್ದು ಮದುವೆಯೊಂದೇ ದಾರಿ, ಆ ದಾರಿಗೂ ಗೇಟು.

ಆಮೇಲೆ ದಲ್ಲಾಳಿ ಬೆಟ್ಟಯ್ಯ ಕುದೇರಿನ ಕಡೆಯ ಸಂಬಂಧ ತಂದ. ಹುಡುಗ ಶರತ್, ಚಾಮರಾಜನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಟ್ಟಯ್ಯ ಹುಡುಗನ ಗುಣ, ಕೆಲಸ ಎಲ್ಲ ಹೇಳುತ್ತಿದ್ದರೆ ಪವಿತ್ರ ಒಳಗಿನಿಂದ ಕೇಳಿದ್ದು ಒಂದೇ ಮಾತು, ಮನೆ ಎಲ್ಲಿದೆ ಎಂದು. ಮೇನ್ ರೋಡಿಗೇ ಇದೆ ಕಣಮ್ಮಿ ಅಂದ. ಆಮೇಲೆ ಹುಣಸೆಮರದ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ಹೇಳಿದಳು.

"ಬಾಗ್ಲು ತೆಗುದ್ರೆ ರೋಡಂತೆ ಕಣಣ್ಣ. ಈ ಸತಿ ಒಬ್ರೂ ಅವ್ರನ್ನ ಏನೂ ಕೇಳ್ಬಾರ್ದು, ಅಂಗ್ ಮಾಡು."

ನಾನು ಸೋಮೇಶನ ಹತ್ತಿರ ಹೋದೆ. ಕೈಕಟ್ಟಿ ನಿಲ್ಲುವುದು ನನಗೆ ಬರುವುದಿಲ್ಲ, ಆದರೂ ನಿಂತೆ. ಭಾನುವಾರ ಕುದೇರಿನಿಂದ ಟೆಂಪೋದಲ್ಲಿ ಬರುತ್ತಾರೆ, ಸೆಕ್ಯೂರಿಟಿ ಏನೂ ಕೇಳದೆ ಬಿಟ್ಟರೆ ಸಾಕು ಅಂದೆ. ಇಷ್ಟೇ ತಾನೇ ಅಂದ ಸೋಮೇಶ. ನನ್ನ ಎದುರಿಗೇ ಸೆಕ್ಯೂರಿಟಿಗೆ ಫೋನ್ ಮಾಡಿ, ಭಾನುವಾರ ಟೆಂಪೋದಲ್ಲಿ ಬಂದವರನ್ನು ತುಟಿಪಿಟಕ್ ಎನ್ನದೆ ಒಳಕ್ಕೆ ಬಿಡು ಎಂದು ಹೇಳಿದ. ಅವತ್ತೇ ಬೆಂಗಳೂರಿನ ಕಂಪನಿಯ ದೊಡ್ಡ ಗುಂಪು ಬರುತ್ತದೆ, ನಿಮ್ಮವ್ವ ಅಡುಗೆಮನೆ ಬಿಡುವ ಹಾಗಿಲ್ಲ, ನೀನೂ ಮಧ್ಯಾಹ್ನದವರೆಗೆ ಬೋಟು ಬಿಡುವ ಹಾಗಿಲ್ಲ, ಅವರು ಬಂದಾಗ ಐದು ನಿಮಿಷ ಹೋಗಿಬನ್ನಿ ಅಂದ. ಮಗಳನ್ನು ನೋಡಲು ಬಂದಾಗ ತಾಯಿಗೆ ಐದು ನಿಮಿಷ. ಹೂಂ ಅಂದೆ.

ಕಂಪನಿಯವರೂ ಟೆಂಪೋಗಳಲ್ಲೇ ಬರುತ್ತಾರೆ ಎನ್ನುವುದು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆಯೇ ಬೆಟ್ಟಯ್ಯ ಬೈಕಿನಲ್ಲಿ ಬಂದು ನಮ್ಮ ಜಗುಲಿಯಲ್ಲಿ ಅಪ್ಪನ ಜೊತೆ ಎಲೆಅಡಿಕೆ ಹಾಕಿಕೊಂಡು ಕೂತ. ಪವಿತ್ರ ಸೀರೆ ಉಟ್ಟಿದ್ದಳು. ಕಂಪನಿಯ ಮೊದಲ ಟೆಂಪೋ ಬಂತು, ಸೋಮೇಶನ ಹೆಂಡತಿ ಕಾವ್ಯಶ್ರೀ ಅವರೆಲ್ಲರ ಕೊರಳಿಗೆ ಕಪ್ಪೆಚಿಪ್ಪಿನ ಹಾರ ಹಾಕಿ, ಎಳನೀರು ಕೊಟ್ಟಳು. ಎರಡನೇ ಟೆಂಪೋ ಹಿಂದೆ ಬರುತ್ತಿದೆ ಎಂದು ಅವರು ಹೇಳಿದ್ದರಂತೆ.

ನಾನು ಆಗ ಕೆರೆಯ ನಡುವೆ ಇದ್ದೆ. ಕಂಪನಿಯ ಗಂಡ ಹೆಂಡತಿ ಇಬ್ಬರು ಕಯಾಕನ್ನು ಜೊಂಡಿನೊಳಕ್ಕೆ ನುಗ್ಗಿಸಿಕೊಂಡು ಒಬ್ಬರನ್ನೊಬ್ಬರು ಬೈದಾಡುತ್ತಿದ್ದರು. ಅವರ ದೋಣಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಗೇಟು ತೆರೆದದ್ದು ಕಂಡಿತು. ಬಿಳಿ ಟೆಂಪೋ ಒಳಗೆ ಬಂತು. ಸೆಕ್ಯೂರಿಟಿ ಬಾಯಿ ಬಿಡಲಿಲ್ಲ, ಸಲ್ಯೂಟ್ ಹೊಡೆದ. ಟೆಂಪೋದಿಂದ ಮೊದಲು ಇಳಿದದ್ದು ಒಂದು ಮುದುಕಿ, ಕೈಯಲ್ಲಿ ಹೂವಿನ ಪೊಟ್ಟಣ. ಹಿಂದೆ ಬಿಳಿ ಪಂಚೆಯ ಇಬ್ಬರು, ಆಮೇಲೆ ಇಸ್ತ್ರಿ ಅಂಗಿಯ ಹುಡುಗ. ಇವರೇ ಎಂದು ಗೊತ್ತಾಗಿಹೋಯಿತು. ಅಂಗಳಕ್ಕೆ ಇಳಿದರೆ ಗೇಟು ಕಾಣುತ್ತದೆ, ಬೆಟ್ಟಯ್ಯ ಕೂತಿದ್ದ ಜಗುಲಿಯಿಂದ ಪಾರ್ಕಿಂಗ್ ಕಾಣುವುದಿಲ್ಲ, ನಡುವೆ ರೂಮುಗಳಿವೆ. ಕಾವ್ಯಶ್ರೀ ನಗುತ್ತ ಹೋಗಿ ಮುದುಕಿಯ ಕೊರಳಿಗೆ ಕಪ್ಪೆಚಿಪ್ಪಿನ ಹಾರ ಹಾಕಿದಳು.

ನಾನು ವಿಸಲ್ ಊದಿದೆ. ದಂಡೆಯಲ್ಲಿ ಆಡುತ್ತಿದ್ದವರೆಲ್ಲ ನೀರಿನಿಂದ ಮೇಲಕ್ಕೆ ಓಡಿದರು, ಕುದೇರಿನವರು ಮಾತ್ರ ತಿರುಗಿ ನೋಡಲಿಲ್ಲ. ನೀರಿಗೆ ಹಾರಿ ಈಜಿಹೋಗೋಣ ಎಂದರೆ ಹಗ್ಗ ನನ್ನ ಸೊಂಟಕ್ಕಿತ್ತು, ಹಗ್ಗದ ಆ ತುದಿಯಲ್ಲಿ ಇಬ್ಬರು ಕಿರುಚುತ್ತಿದ್ದರು. ಎಳೆದೆ. ಕುದೇರಿನವರನ್ನು ಊಟದ ಚಪ್ಪರದ ಕಡೆ ಕರೆದುಕೊಂಡು ಹೋಗುತ್ತಿದ್ದುದು ಕಾಣುತ್ತಿತ್ತು. ಇನ್ನೂ ಎಳೆದೆ. ಅವರ ಮುಂದೆ ಬಾಳೆಲೆ ಹಾಕಿದ್ದೂ ಕಂಡಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯಬಹುದು, ಉಪ್ಪಿಟ್ಟು ತಿನ್ನಬಹುದು. ಎಲೆ ಹಾಕಿಕೊಂಡು ಉಣ್ಣುವ ಹಾಗಿಲ್ಲ. ಹೆಣ್ಣಿನ ಕಡೆಯವರ ಕೈಯಲ್ಲಿ ಉಂಡರೆಂದರೆ ಹೆಣ್ಣು ಒಪ್ಪಿದರು ಎಂದೇ ಅರ್ಥ, ಆಮೇಲೆ ಇಲ್ಲ ಎನ್ನುವ ಹಾಗಿಲ್ಲ. ಇದು ಗೊತ್ತಿದ್ದೇ ಮುದುಕಿ ಉಂಡದ್ದು. ಅವಳ ಹೆಸರು ದೊಡ್ಡಮಾದಮ್ಮ, ಶರತ್‌ನ ಅಜ್ಜಿ. ಛತ್ರಿ, ಮರಳು, ಹಾರ ಎಲ್ಲ ನೋಡಿ, ಬೆಟ್ಟಯ್ಯ ದಾರಿಯಲ್ಲಿ ಹೋಟೆಲೂಟಕ್ಕೆ ಏರ್ಪಾಡು ಮಾಡಿದ್ದಾನೆ ಎಂದುಕೊಂಡಳಂತೆ. ಹೆಣ್ಣಿನ ಮನೆಯಲ್ಲಿ ಹೇಗಿದ್ದರೂ ಉಣ್ಣುವ ಹಾಗಿಲ್ಲ, ಹಸಿವಾಗಿದೆ, ಇಲ್ಲೇ ಉಂಡು ಹೋಗೋಣ ಎಂದು ಎಲ್ಲರನ್ನೂ ಕೂರಿಸಿದಳಂತೆ. ಬಡಿಸಿದವಳು ನಮ್ಮವ್ವ. ಅವ್ವನಿಗೆ ಅವರ ಮುಖ ಗೊತ್ತಿಲ್ಲ, ಅವರಿಗೆ ಅವ್ವನ ಮುಖ ಗೊತ್ತಿಲ್ಲ. ಪ್ಯಾಟೆ ಜನಕ್ಕೆಂದು ಮಾಡಿದ ಹಳ್ಳಿ ಊಟ ಅದು, ಮುದ್ದೆ, ಅವರೆಕಾಳಿನ ಸಾರು. ಪ್ಯಾಟೆಯವರು ಮುದ್ದೆಯನ್ನು ಬೆರಳಿನಲ್ಲಿ ಚುಚ್ಚಿ ನೋಡುತ್ತಿದ್ದರೆ ಈ ಒಂದು ಸಾಲು ಗುಳುಂ ಗುಳುಂ ನುಂಗುತ್ತಿತ್ತು. ಅವ್ವನಿಗೆ ಖುಷಿಯಾಗಿ ಮುದುಕಿಗೆ ಎರಡನೇ ಮುದ್ದೆ ಬಲವಂತ ಮಾಡಿದ್ದಾಳೆ.

ನಾನು ಒದ್ದೆ ಚಡ್ಡಿಯಲ್ಲಿ, ಸೊಂಟಕ್ಕೆ ಹಗ್ಗ ನೇತಾಡಿಸಿಕೊಂಡು ಓಡಿಬಂದಾಗ ಅವರು ಕೈ ತೊಳೆಯುತ್ತಿದ್ದರು. ದೊಡ್ಡಮಾದಮ್ಮ ಅವ್ವನ ಕೈ ಹಿಡಿದುಕೊಂಡು, ಎಷ್ಟು ದಿನವಾಯಿತು ಇಂಥ ಸಾರು ಉಂಡು ಎಂದು ಹೊಗಳುತ್ತಿದ್ದಳು.

"ಅವ್ವ, ಇವ್ರೇ ಕುದೇರಿನೋರು ಕಣವ್ವ," ಅಂದೆ.

ಅವ್ವ ಮುದುಕಿಯ ಕೈ ಬಿಡಿಸಿಕೊಂಡು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಪಂಚೆಯವರಲ್ಲಿ ಒಬ್ಬ ಶರತ್‌ನ ಸೋದರಮಾವ, ದೊಡ್ಡ ಗಂಟಲು. ಇದು ಮೋಸ, ಉಣ್ಣಿಸಿ ಕಟ್ಟಿಹಾಕಿದ್ದಾರೆ ಅಂದ. ಇನ್ನೊಬ್ಬ, ನಾವು ಉಂಡದ್ದು ಹೋಟೆಲಲ್ಲಿ, ಹೋಟೆಲೂಟ ಲೆಕ್ಕಕ್ಕಿಲ್ಲ ಅಂದ. ಅಷ್ಟರಲ್ಲಿ ಬೆಟ್ಟಯ್ಯ ಓಡಿಬಂದು, ಉಂಡದ್ದೇ ಶುಭ ಎಂದು ಏನೋ ಹೇಳಹೋಗಿ ಬೈಸಿಕೊಂಡ. ಶರತ್ ಮಾತ್ರ ಕೊರಳಿನ ಕಪ್ಪೆಚಿಪ್ಪಿನ ಹಾರ ತೆಗೆಯಬೇಕೋ ಬಿಡಬೇಕೋ ತಿಳಿಯದೆ ನಿಂತಿದ್ದ. ಕಂಪನಿಯವರು ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು.

ದೊಡ್ಡಮಾದಮ್ಮ ಕೈ ಎತ್ತಿದಳು. ಎಲ್ಲರೂ ಸುಮ್ಮನಾದರು. ಅವಳು ಕೇಳಿದ್ದು ಅವ್ವನನ್ನಲ್ಲ, ಬೆಟ್ಟಯ್ಯನನ್ನೂ ಅಲ್ಲ, ನನ್ನನ್ನು.

"ನೀನು ಹೆಣ್ಣಿನ್ ಅಣ್ಣ ಅಲ್ವಾ? ನಿಜ ಹೇಳ್ಲಾ. ನಾವು ಉಂಡದ್ದು ಯಾರ್ ಒಲೇಲಿ?"

ಬೆಟ್ಟಯ್ಯ ನನ್ನ ಕಡೆ ಕಣ್ಣು ಮಿಟುಕಿಸಿದ. ನಮ್ಮದೇ ಒಲೆ ಎಂದು ಒಂದು ಮಾತು ಅಂದಿದ್ದರೆ ಸಂಬಂಧ ಅಲ್ಲೇ ಕುದುರುತ್ತಿತ್ತು. ನಮ್ಮದು ಎಂದು ನಾಲಗೆಯ ತುದಿಗೂ ಬಂತು. ಆದರೆ ಚಪ್ಪರದ ಕಂಬಕ್ಕೆ ಒರಗಿಕೊಂಡು ಸೋಮೇಶ ನಗುತ್ತ ನಿಂತಿದ್ದುದು ಕಣ್ಣಿಗೆ ಬಿತ್ತು. ನಾನು ನಮ್ಮದು ಎಂದು ಅವನ ಎದುರಿಗೆ ಹೇಳುವುದು, ಅವನು ದೊಡ್ಡ ಮನಸ್ಸು ಮಾಡಿ ಹೌದು ಹೌದು ಎನ್ನುವುದು. ಅದು ನನ್ನ ಕೈಲಾಗಲಿಲ್ಲ. ಆ ಕ್ಷಣಕ್ಕೆ ತಂಗಿಯೂ ನೆನಪಾಗಲಿಲ್ಲ.

"ಒಲೆ ಸೋಮೇಶಣ್ಣಂದು," ಅಂದೆ. "ಎಲೆ ಅವ್ರುದು, ಚಪ್ರ ಅವ್ರುದು, ನೀವು ನಡ್ಕೊಂಬಂದ ದಾರೀನೂ ಅವ್ರುದೇ. ಅಡ್ಗೆ ಮಾಡಿದ್ ಕೈ ಒಂದೇ ನಮ್ಮವ್ವಂದು."

ಸೋದರಮಾವ ಚಪ್ಪಲಿ ಮೆಟ್ಟಿಕೊಂಡ. ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ದೊಡ್ಡಮಾದಮ್ಮ ಹೂವಿನ ಪೊಟ್ಟಣ ಎತ್ತಿಕೊಂಡಳು.

"ನಾನು ಎರಡ್ನೇ ಮುದ್ದೆ ಉಂಡದ್ದು ಒಲೆ ನೋಡಿ ಅಲ್ಲ ಕಣಪ್ಪ," ಅಂದಳು. "ನಡೀರಿ, ಹೆಣ್ ನೋಡನ."

ಅಂಗಳದಲ್ಲಿ ಪವಿತ್ರ ನಿಂತೇ ಇದ್ದಳು. ನಡೆದದ್ದೆಲ್ಲ ಅವಳ ಕಿವಿಗೆ ಮುಟ್ಟಿತ್ತು. ನಾನು ಹೇಳಿದ್ದೂ ಮುಟ್ಟಿರಬೇಕು, ನನ್ನ ಕಡೆ ತಿರುಗಿ ನೋಡಲಿಲ್ಲ. ಕಾಫಿ ಕೊಟ್ಟಳು. ದೊಡ್ಡಮಾದಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆಗೆ ಹೂ ಮುಡಿಸಿದಳು. ಏನಾದರೂ ಕೇಳುವುದಿದ್ದರೆ ಹುಡುಗನನ್ನೇ ಕೇಳು ಎಂದಾಗ ಪವಿತ್ರ ಕೇಳಿದ್ದು ರೋಡಿನ ವಿಷಯವನ್ನೇ. ಶರತ್ ನಾಚಿಕೊಂಡು, ಬಸ್ಸು ಹೋದರೆ ಮನೆಯಲ್ಲಿ ಪಾತ್ರೆ ಅಲ್ಲಾಡುತ್ತವೆ, ನಿದ್ದೆ ಬರುವುದಿಲ್ಲ, ರೂಢಿಯಾಗುತ್ತದೆ ಅಂದ. ಅವಳು ಜೋರಾಗಿ ನಕ್ಕುಬಿಟ್ಟಳು. ಸೋದರಮಾವನೂ ಸ್ವಲ್ಪ ಸಡಿಲವಾದ.

ಹೊರಡುವಾಗ ದೊಡ್ಡಮಾದಮ್ಮ ಒಂದು ಕರಾರು ಹಾಕಿ ಹೋದಳು. ವೀಳ್ಯ ಬದಲಾಯಿಸುವ ಶಾಸ್ತ್ರಕ್ಕೆ ಊರ ಯಜಮಾನರು, ತಮಟೆಯವರು ಎಲ್ಲ ಬರುತ್ತಾರೆ, ಅದು ಹೆಣ್ಣಿನ ಹೊಸಿಲಲ್ಲೇ ಆಗಬೇಕು, ಛತ್ರದಲ್ಲಿ ನಡೆಯುವುದಿಲ್ಲ. ಮೊದಲು ಬಂದವರು ಯಾಕೆ ತಿರುಗಿದರೆಂದು ನಮಗೂ ಸುದ್ದಿ ಬಂದಿದೆ. ಅವತ್ತು ಗೇಟಿನಲ್ಲಿ ಒಬ್ಬ ಎಲ್ಲಿಗೆ ಎಂದು ಕೇಳಿದರೂ ಯಜಮಾನರು ತಿರುಗುತ್ತಾರೆ, ಆಗ ನಾನು ಉಂಡದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟು ಹೇಳಿ ಟೆಂಪೋ ಹತ್ತಿದಳು.

ಮಾರನೆಯ ದಿನ ಸೋಮೇಶನೇ ನನ್ನನ್ನು ಕರೆಸಿದ. ಕಂಪನಿಯವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಯಾಕೂ ಅಲ್ಲ, ಟ್ರೆಕ್ಕಿಂಗೂ ಅಲ್ಲ, ನಿಮ್ಮ ಗಲಾಟೆ ಅಂದ. ವಿಡಿಯೋ ಲಕ್ಷಾಂತರ ಜನ ನೋಡಿದ್ದಾರಂತೆ. ವೀಳ್ಯದ ಶಾಸ್ತ್ರವನ್ನು ಬೀಚಿನ ಮೇಲೆ ಮಾಡೋಣ, ಶನಿವಾರ ಇಟ್ಟುಕೊಳ್ಳೋಣ, ರೂಮಿನವರು ಸುತ್ತ ಕೂತು ನೋಡುತ್ತಾರೆ, ಖರ್ಚೆಲ್ಲ ನನ್ನದು. ಹೊಸಿಲು ಬೇಕೆಂದರೆ ಮರಳಿನ ಮೇಲೆ ಒಂದು ಬಾಗಿಲು ನಿಲ್ಲಿಸೋಣ, ಯಜಮಾನರನ್ನು ನಾನು ಒಪ್ಪಿಸುತ್ತೇನೆ ಅಂದ.

ನಾನು ಒಲ್ಲೆ ಅಂದೆ. ನಮ್ಮ ಮನೆ ಶಾಸ್ತ್ರ ನಮ್ಮ ಅಂಗಳದಲ್ಲಿ ಅಂದೆ. ನನ್ನ ದನಿ ಏರಿತ್ತು. ಅವನ ದನಿ ಏರಲಿಲ್ಲ, ಅವನದು ಯಾವತ್ತೂ ಏರುವುದಿಲ್ಲ.

"ಅಂಗ್ಳದಲ್ಲೇ ಮಾಡ್ಕೊಳ್ಲಾ, ನಾನೇನ್ ಬ್ಯಾಡ ಅಂದ್ನಾ? ಗೇಟಲ್ ಮಾತ್ರ ಎಲ್ರುಗೂ ಒಂದೇ ರೂಲು. ಬಂದೋರ್ನ ಕೇಳ್ತಾನೆ ಅವ್ನು. ಕೇಳ್ಬ್ಯಾಡ ಅನ್ನಕ್ಕೆ ನಂಗೂ ಒಂದ್ ಕಾರಣ ಬೇಕಲ್ವಾ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೆ ಏನು ಮಾಡುವುದು? ಸೀದಾ ಗುರುಪಾದಸ್ವಾಮಿಯವರ ಹತ್ತಿರ ಹೋದೆ. ಅವರು ಅಪ್ಪನಿಗೆ ಹೇಳಿದ ಮಾತನ್ನೇ ನನಗೂ ಹೇಳಿ, ಕಾಫಿ ಕುಡಿದುಕೊಂಡು ಹೋಗು ಅಂದರು. ಕುಡಿಯಲಿಲ್ಲ. ಸಂಜೆ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಹುಣಸೆಮರದ ಹಿಂದಿನ ತಂತಿಯ ಹತ್ತಿರ ನಿಂತೆ. ಆ ಕಡೆಯಿಂದ ದಾರಿ ಬಿಟ್ಟರೆ ಗೇಟಿನ ಹಂಗೇ ಇಲ್ಲ. ಅಪ್ಪ ಹಿಂದೆಯೇ ಬಂದ. ಆ ಕಡೆ ಇರುವುದು ಹಳ್ಳ, ಹಳ್ಳದ ಆಚೆ ಕಾಡಂಚು, ಯಜಮಾನರನ್ನು ಅಲ್ಲಿಂದ ಕರೆತರುತ್ತೀಯಾ ಎಂದು ಕೇಳಿದ. ತಂತಿ ಕತ್ತರಿಸಿದರೆ ನಾಳೆಗೆ ನಿಮ್ಮವ್ವನಿಗೂ ಕೆಲಸವಿಲ್ಲ, ನಿನಗೂ ಇಲ್ಲ, ಗೇಟು ಹಾಗೇ ಇರುತ್ತದೆ ಅಂದ. ಅಪ್ಪ ಅಷ್ಟು ಸರಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಅದಕ್ಕೂ ಸಿಟ್ಟು ಬಂತು.

ಒಳಗೆ ಪವಿತ್ರ ಕಾಯುತ್ತಿದ್ದಳು. ಚಪ್ಪರದಲ್ಲಿ ನಾನು ಆಡಿದ್ದರ ಬಗ್ಗೆ ಅವಳು ಅಲ್ಲಿಯವರೆಗೂ ಒಂದು ಮಾತೂ ಎತ್ತಿರಲಿಲ್ಲ. ಈಗ ಎತ್ತಿದಳು. ಆ ಅಜ್ಜಿ ಒಳ್ಳೆಯವಳಾಗಿದ್ದಕ್ಕೆ ಉಳಿಯಿತು, ಇಲ್ಲದಿದ್ದರೆ ನಿನ್ನ ರೋಷಕ್ಕೆ ನಾನು ಇಲ್ಲೇ ಟವೆಲ್ ಮಡಿಚಿಕೊಂಡು ಸಾಯಬೇಕಿತ್ತು ಅಂದಳು. ನಾನು ಮರ್ಯಾದೆಯ ಮಾತು ತೆಗೆದೆ. ಪ್ಯಾಟೆಯವರ ಮುಂದೆ ಕುಣಿಯುವ ಗೊಂಬೆಯಾಗುತ್ತೀಯಾ ಅಂದೆ.

"ಒಂದಿನ ಆಯ್ತೀನಿ ಬುಡು," ಅಂದಳು. "ನೀವು ದಿನಾ ಆಗಿಲ್ವಾ? ನಾನು ಆಚೆ ಓಗ್ಬೇಕು ಕಣಣ್ಣ. ಓಗಿ ಹೂಂ ಅಂದ್ಬುಟ್ ಬಾ."

"ನೀನೇ ಓಗ್ ಹೇಳು."

"ಒಲ್ಲೆ ಅಂದೋನು ನೀನು. ಹೂಂ ಅನ್ಬೇಕಾದೋನೂ ನೀನೇ."

ಹೋದೆ. ಸೋಮೇಶ ಬೀಚಿನ ಮೇಲೇ ಇದ್ದ. ಹೂಂ ಅಂದೆ. ನಾನು ಬರುತ್ತೇನೆಂದು ಗೊತ್ತಿತ್ತು ಎನ್ನುವ ನಗೆ ಕೂಡ ಅವನು ನಗಲಿಲ್ಲ, ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿದ. ಅವನ ಕೈ ಬಿದ್ದ ಕಡೆ ಬೆನ್ನು ಉರಿಯಿತು. ಗೇಟಿನವನಿಗೆ ಹೇಳಿ ಅಂದೆ. ಆಗಲೇ ಫೋನ್ ತೆಗೆದು ಹೇಳಿದ. ಶನಿವಾರ ಇಡೀ ದಿನ ಗೇಟು ತೆರೆದಿಡು, ಯಾರನ್ನೂ ಏನೂ ಕೇಳಬೇಡ. ನಾನು ಎದುರಿಗೇ ನಿಂತು ಕೇಳಿಸಿಕೊಂಡೆ.

ಹೆಣ್ಣನ್ನು ಎಲ್ಲಿ ಕೂರಿಸುವುದು ಎಂದು ಅವನು ಕಾಲಿನಿಂದ ಮರಳಿನ ಮೇಲೆ ಗೆರೆ ಎಳೆದ. ಹೆಣ್ಣು ಪೂರ್ವಕ್ಕೆ ಮುಖ ಮಾಡಿ ಕೂರಬೇಕು ಅಂದೆ. ಪೂರ್ವಕ್ಕೆ ಕೂತರೆ ಹಿಂದೆ ಬೆಟ್ಟ ಬರುವುದಿಲ್ಲ, ಟಾಯ್ಲೆಟ್ ಬರುತ್ತದೆ ಅಂದ. ನೋಡಿದೆ. ಅವನು ಹೇಳಿದ್ದು ನಿಜವೇ. ಛತ್ರಿಯ ಕೆಳಗಿನಿಂದ ಒಂದು ಕುರ್ಚಿ ತಂದು ಅವನು ತೋರಿಸಿದ ಕಡೆ ಇಟ್ಟೆ. ಸುಮ್ಮನೆ ಕುರ್ಚಿ ಇಟ್ಟರೆ ಗೊತ್ತಾಗುವುದಿಲ್ಲ, ಕೂತು ತೋರಿಸು ಅಂದ.

ಕೂತೆ. ಅವನು ಹಿಂದಕ್ಕೆ ಹೋಗಿ ಫೋನ್ ಎತ್ತಿ ನೋಡಿದ. ಸ್ವಲ್ಪ ಎಡಕ್ಕೆ ಅಂದ.

ಸರಿದು ಕೂತೆ.